ಕೋಟ್ಟಪ್ಪುರಂ ಹೌಸ್‌ಬೋಟಿನಲ್ಲಿ ಒಂದು ರಾತ್ರಿ: ಐದಕ್ಕೆ ಮೂರೂವರೆ ಅಂಕ

ಬೋಟಿನ ಹೆಸರು ಬರೆಯುವುದಿಲ್ಲ. ಬೋಟ್ ಓಡಿಸುವ ಸ್ರಾಂಕ್ ಒಳ್ಳೆಯವರು, ಅಡುಗೆಯ ಹುಡುಗ ಇನ್ನೂ ಒಳ್ಳೆಯವನು. ಅವರ ಕೆಲಸಕ್ಕೆ ನನ್ನಿಂದ ಕುತ್ತು ಬರಬಾರದು. ತಕರಾರು ಇರುವುದು ಫೋನಿನಲ್ಲಿ ಬುಕಿಂಗ್ ಮಾಡಿಕೊಂಡ ಮನುಷ್ಯನ ಮೇಲೆ. ಅವನ ಮುಖ ನಾವು ಕೊನೆಯವರೆಗೂ ನೋಡಲಿಲ್ಲ.

ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ನನ್ನದೊಂದು ಟೈಲರ್ ಅಂಗಡಿ. ಅಳತೆ ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಪಟ್ಟಿ ಇದೆ. 2020ರ ಲಾಕ್‌ಡೌನಿನಲ್ಲಿ, ಮದುವೆಗಳೆಲ್ಲ ನಿಂತು ಬ್ಲೌಸ್ ಬದಲು ಮಾಸ್ಕ್ ಹೊಲಿಯುತ್ತಿದ್ದಾಗ ಬರೆದದ್ದು. ಮೊದಲು 'ಸಾಯುವುದರೊಳಗೆ' ಎಂದು ತಲೆಬರಹ ಹಾಕಿದ್ದೆ. ನಾದಿನಿ ನೋಡಿ ಚೆನ್ನಾಗಿ ಬೈದಳು. ಹೊಡೆದುಹಾಕಿ 'ಆಗಬೇಕಾದ್ದು' ಎಂದು ಬರೆದೆ. ಒಟ್ಟು ಹದಿನಾಲ್ಕು. ಮಳೆಗಾಲದಲ್ಲಿ ಬೇಕಲ ಕೋಟೆ, ಸ್ಕೂಟರ್ ಕಲಿಯುವುದು, ರಾಣಿಪುರಂ ಗುಡ್ಡ ಹತ್ತುವುದು, ವಿಮಾನದಲ್ಲಿ ಕಿಟಕಿ ಸೀಟು, ಹೀಗೆ. ಹನ್ನೊಂದನೆಯದು ನನಗೆ ತುಂಬಾ ಇಷ್ಟ: ಒಂದು ಒಳ್ಳೆಯ ಸೀರೆ ಕೊಂಡು, ಅದರ ಬ್ಲೌಸನ್ನು ಬೇರೆಯವರ ಕೈಯಲ್ಲಿ ಹೊಲಿಸಿ, ತಪ್ಪು ಹುಡುಕುವುದು.

ಮೂರನೆಯದು ಅನಂತಪುರದ ಬಬಿಯಾ. ಕುಂಬಳೆಯ ಹತ್ತಿರ ಕೆರೆಯ ನಡುವೆ ಇರುವ ದೇವಸ್ಥಾನ, ತಿರುವನಂತಪುರದ ಪದ್ಮನಾಭನಿಗೆ ಅದೇ ಮೂಲಸ್ಥಾನ ಎನ್ನುತ್ತಾರೆ. ಆ ಕೆರೆಯಲ್ಲಿದ್ದ, ನೈವೇದ್ಯದ ಅನ್ನ ತಿನ್ನುತ್ತಿದ್ದ ಮೊಸಳೆ ಬಬಿಯಾ. ದೂರದೂರದಿಂದ ಜನ ಬಂದು ನೋಡಿಹೋಗುತ್ತಿದ್ದರು. ನಮ್ಮ ಮನೆಯಿಂದ ಬಸ್ಸು ಹತ್ತಿದರೆ ಆಯಿತು. ಅಷ್ಟು ಹತ್ತಿರ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದಲ್ಲ ಎಂದುಕೊಂಡೇ ಹೋಗಲಿಲ್ಲ. 2022ರ ಅಕ್ಟೋಬರಿನಲ್ಲಿ ಬಬಿಯಾ ತೀರಿಹೋಯಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಮೊಸಳೆ ಕಂಡಿದೆ ಎಂದು ಸುದ್ದಿಯಾದಾಗ ಓಡಿದೆ. ಎರಡು ಗಂಟೆ ಕಾದೆ, ಅದು ಮುಖ ತೋರಿಸಲಿಲ್ಲ. ಪಟ್ಟಿಯಲ್ಲಿ ಆ ಸಾಲಿಗೆ ಟಿಕ್ಕೂ ಇಲ್ಲ, ಗೀಟೂ ಇಲ್ಲ, ಸುಮ್ನೆ ಹಾಗೇ ಇದೆ.

ಅದರ ನಂತರ ನಾನು ಸ್ವಲ್ಪ ಗಡಿಬಿಡಿ ಮಾಡಿದೆ ಎನ್ನಬೇಕು. ಸ್ಕೂಟರ್ ಕಲಿತೆ, ಎರಡು ಸಲ ಬಿದ್ದೆ. ಮಧೂರಿನ ಮೂಡಪ್ಪ ಸೇವೆ 1992ರಲ್ಲಿ ಆದಾಗ ನನಗೆ ಹದಿನಾರು, ಚಿಕನ್‌ಪಾಕ್ಸ್ ಬಂದು ಬೇವಿನ ಸೊಪ್ಪಿನ ಮೇಲೆ ಮಲಗಿದ್ದೆ. ಮತ್ತೆ ಆದದ್ದು 2025ರಲ್ಲಿ, ಮೂವತ್ತಮೂರು ವರ್ಷ ಬಿಟ್ಟು. ಆ ನೂಕುನುಗ್ಗಲಿನಲ್ಲಿ ನಿಂತು ಅಪ್ಪದಲ್ಲಿ ಮುಚ್ಚಿದ ಗಣಪತಿಯನ್ನು ನೋಡಿಯೇ ಬಂದೆ. ಆಮೇಲೆ ಆರನೆಯದು: ದೋಣಿಯಲ್ಲಿ ಒಂದು ರಾತ್ರಿ ಮಲಗುವುದು.

ಆಲಪ್ಪುಳಕ್ಕೆ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯಲ್ಲೇ ಇದೆ. ನೀಲೇಶ್ವರದ ಪಕ್ಕದ ಕೋಟ್ಟಪ್ಪುರಂನಿಂದ ಬೋಟು ಹೊರಡುತ್ತದೆ, ವಲಿಯಪರಂಬದ ಹಿನ್ನೀರಿನಲ್ಲಿ ಸುತ್ತುತ್ತದೆ. ಆದರೆ ನಮ್ಮ ಕಡೆಯವರಿಗೆ ಚಂದ್ರಗಿರಿ ಹೊಳೆ ದಾಟಿದರೆ ಪರವೂರು. ಮಂಗಳೂರಿಗೆ ತಿಂಗಳಿಗೆ ಎರಡು ಸಲ ಹೋಗುವ ನಾನು, ನೀಲೇಶ್ವರದಲ್ಲಿ ರೈಲು ಇಳಿದದ್ದು ಇದೇ ಮೊದಲು.

ಹೋದದ್ದು ಐದು ಜನ. ನಾನು, ಅಕ್ಕ, ನಾದಿನಿ, ಅಂಗಡಿಯಲ್ಲಿ ಹೊಲಿಗೆ ಕಲಿಯುವ ಹುಡುಗಿ, ಮತ್ತೆ ಎಪ್ಪತ್ತೊಂದರ ಚಿಕ್ಕಮ್ಮ. ಡಿಸೆಂಬರಿನ ಮೊದಲ ವಾರ, ಭಾನುವಾರ ಮಧ್ಯಾಹ್ನದಿಂದ ಸೋಮವಾರ ಬೆಳಗ್ಗೆ ಒಂಬತ್ತರವರೆಗೆ. ಎರಡು ರೂಮಿನ ಬೋಟು, ಊಟತಿಂಡಿ ಸೇರಿ 13,500 ರೂಪಾಯಿ. ತಲೆಗೆ 2,700. ನನ್ನ ಲೆಕ್ಕದಲ್ಲಿ ಒಂಬತ್ತು ಲೈನಿಂಗ್ ಬ್ಲೌಸ್. ಒಂಬತ್ತು ಬ್ಲೌಸಿನಷ್ಟು ಸುಖ ಸಿಕ್ಕಿತೇ ಎಂದು ಕೇಳಿದರೆ, ಏಳರಷ್ಟು ಖಂಡಿತ ಸಿಕ್ಕಿತು.

ಹೋದ ಎರಡು ಯಾವುದು ಎಂದು ಮೊದಲು ಹೇಳುತ್ತೇನೆ. ಹನ್ನೆರಡಕ್ಕೆ ಹತ್ತಿಸುತ್ತೇವೆ ಎಂದಿದ್ದರು, ಹತ್ತಿಸಿದ್ದು ಒಂದೂ ಹತ್ತಕ್ಕೆ. ಹಿಂದಿನ ಪಾರ್ಟಿ ಹೋದ ಮೇಲೆ ಗುಡಿಸಿ ಒರೆಸುವುದು ಮುಗಿದಿರಲಿಲ್ಲ. ನಾವು ಬಿಸಿಲಲ್ಲಿ ಚೀಲದ ಮೇಲೆ ಕೂತಿದ್ದೆವು. ಐದೂವರೆಗೆ ಬೋಟು ಮತ್ತೆ ದಡಕ್ಕೆ. 'ಐದು ಗಂಟೆ ಸುತ್ತಾಟ' ಎಂದು ಫೋನಿನಲ್ಲಿ ಹೇಳಿದ್ದು ಎಲ್ಲಿಗೆ ಹೋಯಿತು ಎಂದು ಸ್ರಾಂಕನ್ನು ಕೇಳಿದೆ. ಸಂಜೆಯಾದರೆ ಮೀನಿನವರು ಬಲೆ ಹಾಕುತ್ತಾರೆ ಚೇಚಿ, ಆಮೇಲೆ ನಾವು ಓಡಿಸುವ ಹಾಗಿಲ್ಲ ಎಂದರು. ನ್ಯಾಯವೇ. ಆದರೆ ಅದನ್ನು ಮೊದಲೇ ಹೇಳಬಹುದಿತ್ತಲ್ವಾ? ಐದು ಜನಕ್ಕೆ ಮೂರೇ ಟವೆಲು. ಒಂದು ರೂಮಿನ ಹಾಸಿಗೆ ತುಸು ಥಂಡಿ ಹಿಡಿದಿತ್ತು. ಎಸಿ ಒಂಬತ್ತರ ನಂತರ ಮಾತ್ರ. ಪಕ್ಕದಲ್ಲಿ ಕಟ್ಟಿದ ಬೋಟಿನವರು ಹನ್ನೊಂದರವರೆಗೆ ಸ್ಪೀಕರ್ ಹಾಕಿ ಕುಣಿದರು, ಅದಕ್ಕೆ ನಮ್ಮ ಬೋಟಿನವರು ಏನು ಮಾಡಿಯಾರು, ಬಿಡಿ.

ಲೈಫ್ ಜಾಕೆಟ್ ವಿಷಯ ಮಾತ್ರ ಬಿಡುವುದಿಲ್ಲ. ಕೇಳಿದ ಮೇಲೆ ಬೆಂಚಿನ ಕೆಳಗಿನಿಂದ ಐದು ತೆಗೆದುಕೊಟ್ಟರು. ಕೇಳದಿದ್ದರೆ ಅವು ಅಲ್ಲೇ ಇರುತ್ತಿದ್ದವು. ನನ್ನ ಕಣ್ಣು ಮೊದಲು ಹೋಗುವುದೇ ಹೊಲಿಗೆಗೆ. ಒಂದರ ಸೊಂಟದ ಪಟ್ಟಿ ಅರ್ಧ ಬಿಚ್ಚಿಹೋಗಿತ್ತು, ಎಳೆದರೆ ಪೂರ್ತಿ ಕೈಗೆ ಬರುವ ಹಾಗೆ. ಪರ್ಸಿನಲ್ಲಿ ಸೂಜಿದಾರ ಇಲ್ಲದೆ ನಾನು ಮನೆಯಿಂದ ಹೊರಡುವುದಿಲ್ಲ. ನೂಲನ್ನು ನಾಲ್ಕು ಎಳೆ ಮಾಡಿ, ಅಲ್ಲೇ ಕೂತು ಚೌಕ ಹೊಲಿದು ನಡುವೆ ಅಡ್ಡ ಹೊಲಿಗೆ ಕೊಟ್ಟೆ. ಅಡುಗೆ ಹುಡುಗ ಟಾರ್ಚ್ ಹಿಡಿದು ನೋಡುತ್ತಿದ್ದ. ಚಿಕ್ಕಮ್ಮ ಆ ಜಾಕೆಟ್ಟೇ ಬೇಕೆಂದು ಹಾಕಿಕೊಂಡವರು ರಾತ್ರಿ ಮಲಗುವಾಗಲೂ ತೆಗೆಯಲಿಲ್ಲ.

ಆ ಹುಡುಗ ಕೆಲವು ವರ್ಷ ಬೆಂಗಳೂರಿನ ಬೇಕರಿಯಲ್ಲಿ ಇದ್ದವನಂತೆ, ಚೆನ್ನಾಗಿ ಕನ್ನಡ ಮಾತಾಡುತ್ತಾನೆ. ನನ್ನ ಮಲಯಾಳ ಕೇಳಿ "ಅಕ್ಕಾ, ನೀವು ಕರ್ನಾಟಕದವರಾ?" ಎಂದ.

"ಇಲ್ಲ ಮಾರಾಯ, ನಿನ್ನ ಜಿಲ್ಲೆಯವರೇ. ಬದಿಯಡ್ಕ."

"ಮತ್ತೆ ಮಲಯಾಳ ಯಾಕೆ ಹೀಗೆ?"

"ನಿನ್ನ ಕನ್ನಡ ಬೆಂಗಳೂರಿನದ್ದಲ್ವಾ, ಹಾಗೆ ಇದು ನಮ್ಮ ಬಸ್‌ಸ್ಟ್ಯಾಂಡಿನದ್ದು" ಎಂದೆ. ಆಮೇಲೆ ನಮಗೆ ಎರಡೆರಡು ಸಲ ಬಡಿಸಿದ.

ಊಟಕ್ಕೆ ಪೂರ್ತಿ ಅಂಕ. ಮಧ್ಯಾಹ್ನ ಕುಚ್ಚಲಕ್ಕಿ ಅನ್ನ, ಹುರಿದ ಕರಿಮೀನು, ಸಾಂಬಾರು, ಬೀಟ್‌ರೂಟ್ ಪಲ್ಯ. ಕುಡಿಯಲು ಪತಿಮುಖಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ಕೆಂಪು ನೀರು. ಚಿಕ್ಕಮ್ಮ ಲೋಟ ಎತ್ತಿ ಬೆಳಕಿಗೆ ಹಿಡಿದು, ಮೂಸಿ, ಮನೆಯಿಂದ ತಂದ ಬಾಟಲಿ ತೆಗೆದರು. ಸಂಜೆ ನೇಂದ್ರ ಬಾಳೆಹಣ್ಣಿನ ಪೋಡಿ, ನಾಲ್ಕು ಗಂಟೆಯ ಚಹಾದ ಜೊತೆ, ಬಿಸಿಬಿಸಿ. ರಾತ್ರಿಯ ಚಪಾತಿ ಮಾತ್ರ ಲೈಫ್ ಜಾಕೆಟ್ಟಿನಷ್ಟೇ ಗಟ್ಟಿ. ಸೋಮವಾರ ಚಿಕ್ಕಮ್ಮ ಮೀನು ಮುಟ್ಟುವುದಿಲ್ಲ ಎಂದು ಹಿಂದಿನ ದಿನ ಹೇಳಿದ್ದೇ ಸಾಕಾಯಿತು, ಬೆಳಗ್ಗೆ ಅವರಿಗೆಂದು ಬೇರೆ ಪಾತ್ರೆಯಲ್ಲಿ ಪುಟ್ಟು, ಕಡಲೆ ತಂದಿಟ್ಟ.

ಬೋಟಿನ ವಿಷಯ ಹೇಳಲೇ ಇಲ್ಲ. ಈ ಥರದ ಹಳೆಯ ದೋಣಿಗೆ ಮಲಯಾಳದಲ್ಲಿ ಕೆಟ್ಟುವಳ್ಳಂ ಎನ್ನುತ್ತಾರೆ. ಕೆಟ್ಟು ಎಂದರೆ ನಮ್ಮ ಕಟ್ಟು. ಹೆಬ್ಬಲಸಿನ ಹಲಗೆಗಳನ್ನು ಮೊಳೆ ಹೊಡೆಯದೆ ತೆಂಗಿನ ನಾರಿನ ಹಗ್ಗದಲ್ಲಿ ಕಟ್ಟಿ ಹೊಲಿಯುವುದು, ಮೇಲೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು. ಹಿಂದೆ ಇದರಲ್ಲಿ ಅಕ್ಕಿ ಸಾಗಿಸುತ್ತಿದ್ದರು. ಸ್ರಾಂಕ್ ಇಷ್ಟು ಹೇಳಿದ್ದೇ ತಡ, "ಹೊಲಿಯುವುದಾ? ತೋರಿಸಿ" ಎಂದು ನಾನು ಬಗ್ಗಿ ಹಲಗೆಯ ಸಂದು ನೋಡಿದೆ. ಹಗ್ಗ ಒಂದು ತೂತಿನಲ್ಲಿ ಹೋಗಿ ಮುಂದಿನ ತೂತಿನಲ್ಲಿ ಮೇಲೆ ಬಂದಿತ್ತು, ಸಾಲು ಒಂಚೂರೂ ಓರೆಯಿಲ್ಲ. ಅಕ್ಕ ನನ್ನ ಸೆರಗು ಹಿಡಿದುಕೊಂಡಿದ್ದಳು, ನೀರಿಗೆ ಬಿದ್ದೇನು ಎಂದು.

ಪಡನ್ನದ ಕಡೆ ಹೋಗುವಾಗ ನೀರಿನ ನಡುವೆ ಬಿದಿರಿನ ಚಪ್ಪರಗಳು ಕಂಡವು. ಮೇಲೆ ಸೋಗೆ ಇಲ್ಲ, ಬರೀ ಕಂಬ, ಅಡ್ಡ ಕಟ್ಟಿದ ಗಳ. ಪಚ್ಚಿಲೆ ಎಂಬ, ತಿನ್ನುವ ಚಿಪ್ಪುಜೀವಿಯ ಕೃಷಿಯಂತೆ. ನಾವು ಪಚ್ಚಿಲೆ ಎನ್ನುವುದನ್ನು ಅವರು ಕಲ್ಲುಮ್ಮಕ್ಕಾಯ ಎನ್ನುತ್ತಾರೆ. ಕಲ್ಲಿಗೆ ಅಂಟಿಕೊಳ್ಳುವ ಪಚ್ಚಿಲೆಯನ್ನು ಇಲ್ಲಿ ಹಗ್ಗಕ್ಕೆ ಅಂಟಿಸಿ ನೀರಿನಲ್ಲಿ ಇಳಿಬಿಡುತ್ತಾರೆ. ದಡದಲ್ಲಿ ಹೆಂಗಸರು ಗುಂಪಾಗಿ ಕೂತು ಏನೋ ಹೊಲಿಯುತ್ತಿದ್ದರು. ನಿಲ್ಲಿಸಿ ಎಂದೆ. ಸ್ರಾಂಕ್ ಒಂದು ಮಾತೂ ಆಡದೆ ನಿಲ್ಲಿಸಿದರು. ಇಡೀ ಪ್ರವಾಸದಲ್ಲಿ ನನ್ನ ದುಡ್ಡು ವಸೂಲಾದದ್ದು ಆ ಮುಕ್ಕಾಲು ಗಂಟೆಯಲ್ಲಿ.

ಒಂದು ಮೀಟರಿನಷ್ಟು ಉದ್ದದ ನೈಲಾನ್ ಹಗ್ಗ. ಅದರ ಸುತ್ತ ಹೆಬ್ಬೆರಳಿನ ಉಗುರಿನಷ್ಟು ಸಣ್ಣ ಪಚ್ಚಿಲೆ ಮರಿಗಳನ್ನು ಹರಡಿ, ತೆಳ್ಳಗಿನ ಹತ್ತಿ ಬಟ್ಟೆಯಲ್ಲಿ ಸುರುಳಿ ಸುತ್ತಿ, ಅಂಚು ಸೇರಿಸಿ ಹೊಲಿಯುವುದು. ಒಬ್ಬಾಕೆಯ ಕೈ ನೋಡುತ್ತಾ ನಿಂತೆ. ಅರ್ಧ ಇಂಚಿಗೊಂದು ಹೊಲಿಗೆ, ಅದೂ ಸಡಿಲ. ಬಾಯಿ ಸುಮ್ಮನಿರಬೇಕಲ್ಲ, "ಇಷ್ಟು ಅಗಲ ಹಾಕಿದರೆ ಬಿಚ್ಚಿಹೋಗುವುದಿಲ್ವಾ?" ಎಂದು ಕೇಳಿಯೇಬಿಟ್ಟೆ.

ಆಕೆ ನಕ್ಕಳು. ಹೋಗಲಿಕ್ಕೇ ಹೊಲಿಯುವುದು ಎಂದಳು. ಬಟ್ಟೆ ನೀರಿನಲ್ಲಿ ಕೆಲವೇ ದಿನಕ್ಕೆ ಕೊಳೆತು ಹೋಗುತ್ತದೆ. ಅಷ್ಟರಲ್ಲಿ ಮರಿಗಳು ತಮ್ಮದೇ ನೂಲು ಬಿಟ್ಟು ಹಗ್ಗವನ್ನು ಹಿಡಿದುಕೊಂಡಿರುತ್ತವೆ.

ನಾವು ಕಚ್ಚಾ ಹೊಲಿಗೆ ಹಾಕಿದರೆ ಆಮೇಲೆ ನಾವೇ ಕೂತು ಬಿಚ್ಚಬೇಕು. ಇಲ್ಲಿ ಬಿಚ್ಚುವ ಕೂಲಿಯೂ ಇಲ್ಲ! ನನ್ನ ಶಿಷ್ಯೆ ದೊಡ್ಡದೊಂದು ಪಚ್ಚಿಲೆಯನ್ನು ಕೈಗೆತ್ತಿಕೊಂಡು ಅದರ ಬಾಯಿಯ ಸಂದಿನಿಂದ ಹೊರಟ ಕಂದು ನೂಲನ್ನು ಎಳೆದು ನೋಡಿದಳು. ಕೂದಲಿನಷ್ಟು ಸಪೂರ, ಆದರೆ ಸುಲಭಕ್ಕೆ ತುಂಡಾಗಲಿಲ್ಲ. "ಅಕ್ಕ, ಇದು ಯಾವ ನಂಬರಿನ ನೂಲು?" ಎಂದಳು. ಅಲ್ಲಿದ್ದವರಿಗೆ ಕನ್ನಡ ಅರ್ಥವಾಗಲಿಲ್ಲ, ನಾವು ನಗುವುದು ನೋಡಿ ಅವರೂ ನಕ್ಕರು.

ನನಗೂ ಒಂದು ಹಗ್ಗ ಕೊಟ್ಟರು. ಹೊಲಿದೆ. ಅಭ್ಯಾಸಬಲ, ಹತ್ತಿರ ಹತ್ತಿರ ಹಾಕಿಬಿಟ್ಟೆ. ಆಕೆ ಬೇಡ ಬೇಡ ಎಂದು ಬಿಚ್ಚಿಸಿ ಮತ್ತೆ ಹಾಕಿಸಿದಳು. ಮೂವತ್ತು ವರ್ಷದಲ್ಲಿ ಹೊಲಿಗೆ ಚೆನ್ನಾಗಿ ಹಾಕಿದ್ದಕ್ಕೆ ಬೈಸಿಕೊಂಡದ್ದು ಅದೊಂದೇ ಸಲ. ಈಗ ಇಳಿಬಿಟ್ಟರೆ ಏಪ್ರಿಲ್, ಮೇ ಹೊತ್ತಿಗೆ ಕೊಯ್ಲಂತೆ. ಮಳೆ ಬಿದ್ದು ಸಿಹಿನೀರು ಜಾಸ್ತಿಯಾದರೆ ಪಚ್ಚಿಲೆ ಸಾಯುತ್ತದೆ, ಅದಕ್ಕೇ ಮಳೆಗಾಲದ ಮೊದಲೇ ತೆಗೆಯಬೇಕು. ಮತ್ತೆ ಬೋಟಿಗೆ ಹತ್ತಿದಾಗ ಅಡುಗೆ ಹುಡುಗ ಅರಿಕಡುಕ್ಕ ತಂದಿಟ್ಟ, ಚಿಪ್ಪಿನೊಳಗೆ ಅಕ್ಕಿಹಿಟ್ಟು ತುಂಬಿಸಿ ಬೇಯಿಸಿ ಹುರಿದದ್ದು. ಅಕ್ಕ ಆರು ತಿಂದಳು. ನಾನು ಎರಡೇ ತಿಂದೆ. ಈಗಷ್ಟೇ ಮರಿಗಳಿಗೆ ಅಂಗಿ ಹೊಲಿದು ಬಂದಿದ್ದೆ, ಏನೋ ಒಂಥರಾ ಆಯಿತು.

ರಾತ್ರಿ ನಿದ್ದೆಯ ಬಗ್ಗೆ ಕೇಳುವವರಿಗೆ: ಬೋಟು ಅಲ್ಲಾಡುವುದಿಲ್ಲ, ಹೆದರಬೇಡಿ. ಅಡಿಯಲ್ಲಿ ನೀರು ಬಡಿಯುವ ಸದ್ದು ಮಾತ್ರ, ನೆನೆಸಿಟ್ಟ ಬಟ್ಟೆ ಬಕೆಟಿನಲ್ಲಿ ಅಲುಗಿದ ಹಾಗೆ. ಸೊಳ್ಳೆ ಇದೆ, ಬತ್ತಿ ತನ್ನಿ. ಅಕ್ಕನ ಗೊರಕೆಗೆ ಮೂರು ಗಂಟೆಗೆ ಎಚ್ಚರವಾಗಿ ಹೊರಗೆ ಬಂದು ಕೂತೆ. ಮಂಜು ನೀರಿನ ಮೇಲೆ ಕೂತಿತ್ತು. ದೂರದಲ್ಲಿ ಒಂದು ಸಣ್ಣ ದೋಣಿ, ಅದರಲ್ಲೊಂದು ದೀಪ, ಬಲೆ ಎಳೆಯುವವನ ಕೈ ಮಾತ್ರ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಚಿಕ್ಕಮ್ಮನೂ ಜಾಕೆಟ್ ಸಮೇತ ಬಂದು ಪಕ್ಕದಲ್ಲಿ ಕೂತರು. "ನಿನ್ನ ಪಟ್ಟಿಯಲ್ಲಿ ಇನ್ನೆಷ್ಟು ಉಳಿದಿದೆ?" ಎಂದರು. ಐದು ಎಂದೆ, ಬಬಿಯಾ ಬಿಟ್ಟು. "ವಿಮಾನಕ್ಕೆ ನನ್ನನ್ನೂ ಕರಿ. ಕಿಟಕಿ ಸೀಟು ನಿನಗೇ ಇರಲಿ."

ಹೋಗುವವರು ಬುಕಿಂಗಿಗೆ ಮೊದಲು ಎರಡು ಪ್ರಶ್ನೆ ಕೇಳಿ: ಬೋಟು ನೀರಿನಲ್ಲಿ ಓಡುವುದು ಎಷ್ಟರಿಂದ ಎಷ್ಟರವರೆಗೆ, ತಲೆಗೊಂದು ಲೈಫ್ ಜಾಕೆಟ್ ಇದೆಯೇ. ಟವೆಲು ನೀವೇ ಒಯ್ಯಿರಿ. ಪಚ್ಚಿಲೆ ಹೊಲಿಯುವುದು ನೋಡಬೇಕಾದರೆ ನವೆಂಬರ್, ಡಿಸೆಂಬರಿನಲ್ಲೇ ಹೋಗಬೇಕು. ಬರೀ ಮಲಗಲಿಕ್ಕಾದರೆ ಮಳೆ ಬಿಟ್ಟ ಮೇಲೆ ಯಾವಾಗಲಾದರೂ ಆದೀತು.

ನನ್ನ ಹಗ್ಗದ ತುದಿಗೆ ಪರ್ಸಿನಲ್ಲಿದ್ದ ಕೆಂಪು ದಾರ ಕಟ್ಟಿ ಬಂದಿದ್ದೇನೆ, ಗುರುತಿಗೆ. ಅಳತೆ ಪುಸ್ತಕದಲ್ಲಿ ಹದಿನೈದನೆಯದು ಸೇರಿತು. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಮದುವೆ ಇರುವವರು ದಯವಿಟ್ಟು ಬ್ಲೌಸ್ ಬಟ್ಟೆ ಮಾರ್ಚಿನಲ್ಲೇ ತಂದುಕೊಡಿ. ಆ ವಾರ ಎರಡು ದಿನ ಅಂಗಡಿ ಇರುವುದಿಲ್ಲ.