ಸಾಲು ರಜೆಯ ಜೈಸಲ್ಮೇರ್ ಪ್ಯಾಕೇಜು: ಹೋಟೆಲು ಸರಿ, ಟೆಂಟು ಬೇಡ

ಆಗಸ್ಟ್ 15 ಶುಕ್ರವಾರ ಬಂದು ಮೂರು ದಿನಗಳ ಸಾಲು ರಜೆ ಸಿಕ್ಕಿದ್ದರಿಂದ, ಕೋಲಾರದ ಒಂದು ಪ್ರವಾಸ ಸಂಸ್ಥೆಯ ಮೂಲಕ ನಾವು ಎರಡು ಕುಟುಂಬದವರು ಜೈಸಲ್ಮೇರಿಗೆ ಹೋಗಿಬಂದೆವು. ಬೆಂಗಳೂರಿನಿಂದ ಜೋಧ್‌ಪುರಕ್ಕೆ ವಿಮಾನ, ಅಲ್ಲಿಂದ ಪೋಖರಣ್ ಮಾರ್ಗವಾಗಿ ಸುಮಾರು ಐದು ಗಂಟೆಗಳ ರಸ್ತೆ ಪ್ರಯಾಣ, ಒಂದು ರಾತ್ರಿ ಊರೊಳಗಿನ ಹೋಟೆಲು, ಇನ್ನೊಂದು ರಾತ್ರಿ ಸಮ್ ಮರಳುದಿಬ್ಬಗಳ ಬಳಿ ಟೆಂಟು ಎಂಬುದು ಅವರು ಕೊಟ್ಟ ಕಾರ್ಯಕ್ರಮವಾಗಿತ್ತು. ವಿಮಾನ, ವಾಹನ, ಹೋಟೆಲು ಯಾವುದರಲ್ಲೂ ಕೊರತೆ ಕಾಣಲಿಲ್ಲ. ನನ್ನ ತಕರಾರೆಲ್ಲ ಟೆಂಟಿನದು.

ಮಳೆಗಾಲವಲ್ಲವೇ ಎಂದು ಬುಕಿಂಗ್ ದಿನವೇ ಕೇಳಿದ್ದೆ. "ಮರುಭೂಮೀಲಿ ಎಂಥ ಮಳೆ ಸಾರ್" ಎಂದು ನಕ್ಕರು. ಜೈಸಲ್ಮೇರಿಗೆ ವರ್ಷವಿಡೀ ಬೀಳುವ ಮಳೆ 200 ಮಿಲಿಮೀಟರಿನ ಆಸುಪಾಸು ಎಂಬುದು ನಿಜ. ಆದರೆ ಅದರ ಬಹುಪಾಲು ಜುಲೈನಿಂದ ಸೆಪ್ಟೆಂಬರಿನೊಳಗೆ, ಕೆಲವೇ ಗುಡುಗುಮಳೆಗಳಲ್ಲಿ ಸುರಿದುಬಿಡುತ್ತದೆ ಎಂಬುದನ್ನು ಅವರು ಹೇಳಲಿಲ್ಲ. ಪಕ್ಕದ ಬಾಡಮೇರ್ ಜಿಲ್ಲೆಯ ಕವಾಸ್ ಗ್ರಾಮ 2006ರ ಆಗಸ್ಟಿನಲ್ಲಿ ನೆರೆಯಲ್ಲಿ ಮುಳುಗಿದಾಗ, ಮರಳಿನಡಿಯ ಜಿಪ್ಸಂ ಪದರ ನೀರನ್ನು ಇಂಗಗೊಡದೆ ವಾರಗಟ್ಟಲೆ ನಿಲ್ಲಿಸಿಕೊಂಡಿತ್ತು. ಆ ನಾಡಿಗೆ ಪ್ರವಾಸಿಗಳನ್ನು ಕಳುಹಿಸುವುದನ್ನೇ ವೃತ್ತಿ ಮಾಡಿಕೊಂಡವರಿಗೆ ಇಷ್ಟಾದರೂ ತಿಳಿದಿರಬೇಕು.

ಶನಿವಾರ ಸಂಜೆ ಐದೂವರೆಯ ಹೊತ್ತಿಗೆ ನೈರುತ್ಯ ದಿಕ್ಕಿನಲ್ಲಿ ಕಂದು ಬಣ್ಣದ ಗೋಡೆಯೊಂದು ಎದ್ದಿತು. ನಮ್ಮ ಚಾಲಕರು "ಆಂಧಿ" ಎಂದರು, ಅಂದರೆ ಧೂಳಿನ ಬಿರುಗಾಳಿ. ಒಂಟೆಯವರು ಸವಾರಿ ನಿಲ್ಲಿಸಿ, ಒಂಟೆಗಳನ್ನು ಗಾಳಿಗೆ ಬೆನ್ನು ಕೊಟ್ಟು ಕೂರಿಸಿದರು. ಮೊದಲು ಧೂಳು ಬಂತು, ಅದರ ಬೆನ್ನಿಗೇ ದಪ್ಪ ಹನಿಗಳು ಬಿದ್ದವು, ಆಮೇಲೆ ಸಿಡಿಲು ಶುರುವಾಯಿತು. ಟೆಂಟಿನೊಳಗೆ ಹೋದರೆ ಜಮಖಾನದ ಅಡಿಯಿಂದ ನೀರು ಜಿನುಗುತ್ತಿತ್ತು, ಟೇಪು ಸುತ್ತಿದ ಪ್ಲಗ್ ಬೋರ್ಡೊಂದು ಹಸಿ ಮರಳಿನ ಮೇಲೆಯೇ ಬಿದ್ದಿತ್ತು, ಟೆಂಟಿನ ಕಂಬಗಳೆಲ್ಲ ಕಬ್ಬಿಣದವು. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನೊಳಗಿದೆ ಎಂದರ್ಥ. ನಾನು ಎಣಿಸಿದಾಗ ಏಳಕ್ಕೇ ಕೇಳಿಸಿತು. ಬಯಲಿನಲ್ಲಿ ಟೆಂಟು ಸಿಡಿಲಿನಿಂದ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಲೋಹದ ಮೈಯಿರುವ ಮುಚ್ಚಿದ ಕಾರು ಕೊಡುತ್ತದೆ. ಶಿಬಿರದವರು ಊಟಕ್ಕೆ ಕರೆಯುತ್ತಿದ್ದಾಗ ನಮ್ಮೆಲ್ಲರನ್ನೂ ವಾಹನದೊಳಗೆ ಕೂರಿಸಿ ಗಾಜು ಏರಿಸಿದವರು ಆ ಚಾಲಕರೇ. ಎರಡು ಗಂಟೆ ಅಲ್ಲೇ ಕುಳಿತಿದ್ದು, ಮಳೆ ನಿಂತ ಮೇಲೆ ಸುಮಾರು 40 ಕಿಲೋಮೀಟರ್ ದೂರದ ಜೈಸಲ್ಮೇರಿಗೆ ಹಿಂದಿರುಗಿದೆವು. ದಾರಿಯಲ್ಲಿ ಒಂದು ತಗ್ಗಿನಲ್ಲಿ ನೀರು ಅಡ್ಡ ಹರಿಯುತ್ತಿತ್ತು. ಅದು ಇಳಿಯುವವರೆಗೂ ಅವರು ಗಾಡಿ ಮುಂದಕ್ಕೆ ಬಿಡಲಿಲ್ಲ. ಈ ಇಡೀ ಸೇವೆಯಲ್ಲಿ ಪೂರ್ಣ ಅಂಕ ಕೊಡುವುದಾದರೆ ಅವರೊಬ್ಬರಿಗೇ ಕೊಡುತ್ತೇನೆ.

ಮಳೆ ಬಂತೆಂದು ಗೊಣಗುವ ಜನ ನಾವಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಜಿಲ್ಲೆಯವರು ನಾವು, ಕೆರೆ ಕೋಡಿ ಹೋದರೆ ನೋಡಲು ಬುತ್ತಿ ಕಟ್ಟಿಕೊಂಡು ಹೊರಡುತ್ತೇವೆ. ಅದಕ್ಕೇ ಇರಬೇಕು, ಭಾನುವಾರ ಬೆಳಿಗ್ಗೆ ಕಾರ್ಯಕ್ರಮದಲ್ಲಿ ಇಲ್ಲದಿದ್ದರೂ ಚಾಲಕರು ತೋರಿಸಿದ ಖಡೀನ್ ನಮಗೆ ಕೋಟೆಗಿಂತ ಹೆಚ್ಚು ಹಿಡಿಸಿತು. ಕಲ್ಲುನೆಲದ ಇಳಿಜಾರಿನ ಕೆಳಗೆ ನಮ್ಮ ಕೆರೆ ಏರಿಯಂತೆಯೇ ಉದ್ದಕ್ಕೆ ಮಣ್ಣಿನ ಒಡ್ಡು ಹಾಕಿ ಹರಿದುಬಂದ ಮಳೆನೀರನ್ನು ತಡೆಯುತ್ತಾರೆ. ನೀರು ಇಂಗಿದ ಮೇಲೆ ಆ ತೇವದಲ್ಲೇ ಗೋಧಿ, ಕಡಲೆ ಬಿತ್ತುತ್ತಾರೆ. ಪಾಲೀವಾಲ ಬ್ರಾಹ್ಮಣರು ಶತಮಾನಗಳ ಹಿಂದೆ ಬೆಳೆಸಿದ ಈ ಪದ್ಧತಿ ಇಂದಿಗೂ ನಡೆಯುತ್ತಿದೆ. ಹಿಂದಿನ ರಾತ್ರಿ ನಮ್ಮನ್ನು ಹೆದರಿಸಿದ ನೀರು ಅಲ್ಲಿ ಮೊಣಕಾಲುದ್ದ ನಿಂತಿತ್ತು, ಒಡ್ಡಿನ ಮೇಲೆ ಇಬ್ಬರು ರೈತರು ಸೋರಿಕೆ ಹುಡುಕುತ್ತಾ ಓಡಾಡುತ್ತಿದ್ದರು. ಪ್ಯಾಕೇಜಿನವರು ಇದನ್ನೇ ಕಾರ್ಯಕ್ರಮಕ್ಕೆ ಸೇರಿಸಿಕೊಂಡರೆ ಮಳೆಗಾಲದ ಪ್ರವಾಸಕ್ಕೂ ಒಂದು ಅರ್ಥ ಬರುತ್ತದೆ.

ಹಿಂದಿರುಗಿ ಬಂದು ವಿಚಾರಿಸಿದಾಗ "ಮಳೆ ನಮ್ಮ ಕೈಲಿಲ್ಲ" ಎಂದರು. ಮಳೆ ಅವರ ಕೈಲಿಲ್ಲ, ಒಪ್ಪುತ್ತೇನೆ. ಆದರೆ ಹವಾಮಾನ ಇಲಾಖೆ ಜಿಲ್ಲಾವಾರು ಹಳದಿ, ಕಿತ್ತಳೆ, ಕೆಂಪು ಎಚ್ಚರಿಕೆಗಳನ್ನು ಮುಂಚಿತವಾಗಿಯೇ ಕೊಡುತ್ತದೆ, ಸಿಡಿಲಿಗೆಂದೇ ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ದಾಮಿನಿ ಆ್ಯಪ್ ಇದೆ. ಅವನ್ನು ನೋಡಿ ಟೆಂಟಿನ ಬದಲು ಹೋಟೆಲಿನಲ್ಲೇ ಎರಡನೆಯ ರಾತ್ರಿ ಕೊಡುವುದು ಅವರ ಕೈಯಲ್ಲೇ ಇತ್ತು. ಇದೇ ಪ್ಯಾಕೇಜನ್ನು ಅಕ್ಟೋಬರಿನ ನಂತರವಾದರೆ ಧೈರ್ಯವಾಗಿ ತೆಗೆದುಕೊಳ್ಳಬಹುದು. ಆಗಸ್ಟಿನಲ್ಲೇ ಹೋಗುವವರು ಟೆಂಟು ಬೇಡವೆಂದು ಬುಕಿಂಗ್ ಚೀಟಿಯಲ್ಲಿ ಬರೆಸಿಕೊಳ್ಳಿ. ನಮಗೆ ಟೆಂಟಿನ ಬಾಬ್ತಿನಲ್ಲಿ ಅರ್ಧ ಹಣ ಹದಿನೆಂಟು ದಿನಗಳ ಮೇಲೆ ವಾಪಸು ಬಂತು. ಉಳಿದರ್ಧಕ್ಕೆ ಇನ್ನೂ ಫೋನ್ ಮಾಡುತ್ತಿದ್ದೇವೆ.