ಚೀಟಿಯಿಲ್ಲದ ಬಾಟಲಿಯ ಔಷಧಿ ಹಿತ್ತಲಿಗೆ ಬೇಡ

ಬಿಸಿಲು ಏರುತ್ತಿದ್ದಂತೆ ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಬೆನ್ನಿಗೆ ಸ್ಪ್ರೇಯರ್ ಕಟ್ಟಿಕೊಂಡು ಗೇಟು ತಟ್ಟುವವರು ಕಾಣಿಸಿಕೊಳ್ಳುತ್ತಾರೆ. ಅಂಥ ಒಬ್ಬ ನಮ್ಮ ಹಿತ್ತಲಿಗೆ ಔಷಧಿ ಹೊಡೆದು ಹೋದ ದಿನವೇ ನನ್ನ ತಾಯಿ ಆಸ್ಪತ್ರೆ ಸೇರಬೇಕಾಯಿತು. ಗಿಡಗಳು ಪೊದೆಯಾಗಿ ಬೆಳೆದ, ವಯಸ್ಸಾದವರು ಒಬ್ಬರೇ ಇರುವ ಮನೆ ನಿಮ್ಮದೂ ಆಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ.

ಅಪ್ಪ ತೀರಿಕೊಂಡ ಮೇಲೆ ನಮ್ಮ ಹಿತ್ತಲನ್ನು ನೋಡಿಕೊಳ್ಳುವವರಿರಲಿಲ್ಲ. ದಾಸವಾಳ ಕೊಂಬೆಗೆ ಕೊಂಬೆ ಹೆಣೆದುಕೊಂಡು ಒಳಗೆ ಗಾಳಿಯಾಡುತ್ತಿರಲಿಲ್ಲ. ಚಿಗುರು ಮುದುಡಿ ಗಂಟಾಗಿತ್ತು, ಗೆಣ್ಣುಗಳಲ್ಲಿ ಹತ್ತಿ ಮೆತ್ತಿದಂತೆ ಹಿಟ್ಟು ತಿಗಣೆ ಕೂತಿತ್ತು. ಸೀಬೆ ಎಲೆಯ ಅಡಿಯಲ್ಲಿ ಬಿಳಿನೊಣ, ಅದು ಸುರಿಸುವ ಸಿಹಿ ಅಂಟಿನ ಮೇಲೆ ಕಪ್ಪು ಬೂಷ್ಟು. ನೋಡಿದರೆ ಯಾರಿಗಾದರೂ ಗಾಬರಿಯಾಗುವ ಹಾಗೆಯೇ ಇತ್ತು. ಆ ಗಾಬರಿಯೇ ಇವರ ಬಂಡವಾಳ.

"ಅಮ್ಮಾ, ಹೀಗೇ ಬಿಟ್ಟರೆ ಹುಳ ಮನೆಯೊಳಗೂ ಬರುತ್ತದೆ. ಒಂದೇ ಸಲ ಹೊಡೆದರೆ ವರ್ಷವಿಡೀ ಚಿಂತೆಯಿಲ್ಲ" ಎಂದನಂತೆ. ಎರಡೂ ಸುಳ್ಳು. ಹಿಟ್ಟು ತಿಗಣೆ ಗಿಡದ ರಸ ಹೀರಿ ಬದುಕುವ ಕೀಟ. ಮನೆಯೊಳಗೆ ಅದಕ್ಕೆ ಕೆಲಸವಿಲ್ಲ. ಅವನ ಔಷಧಿ ಇದ್ದದ್ದು ಕುಡಿಯುವ ನೀರಿನ ಹಳೆಯ ಬಾಟಲಿಯಲ್ಲಿ. ಹೆಸರಿಲ್ಲ, ಚೀಟಿಯಿಲ್ಲ. ಬಕೆಟ್ಟಿನಲ್ಲಿ ಕಡ್ಡಿಯಿಂದ ಕಲಸಿ, ನಡು ಮಧ್ಯಾಹ್ನ ಗಾಳಿ ಬೀಸುತ್ತಿರುವಾಗಲೇ ದಾಸವಾಳ, ಸೀಬೆ, ನುಗ್ಗೆ, ಕರಿಬೇವು, ಕೊನೆಗೆ ತುಳಸಿಗೂ ಹೊಡೆದ. ಅಮ್ಮ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ ಎಂದು ಒಂದು ಮಾತು ಹೇಳಲಿಲ್ಲ ಆ ಮನುಷ್ಯ. ಹಣ ಎಣಿಸಿಕೊಂಡು ಹೊರಟುಹೋದ.

ಸಂಜೆಯ ಹೊತ್ತಿಗೆ ಅಮ್ಮನಿಗೆ ತಲೆ ಭಾರ, ಬಾಯಿ ತುಂಬ ಜೊಲ್ಲು, ಮೈಯೆಲ್ಲ ಬೆವರು, ಆಮೇಲೆ ವಾಂತಿ. ಪಕ್ಕದ ಮನೆಯವರು ಆಟೋದಲ್ಲಿ ಕರೆದುಕೊಂಡು ಹೋದರು. ವೈದ್ಯರು ಟಾರ್ಚ್ ಹಾಕಿ ನೋಡಿದಾಗ ಕಣ್ಣಿನ ಪಾಪೆಗಳು ಕಿರಿದಾಗಿ ಚುಕ್ಕಿಯಷ್ಟಾಗಿದ್ದವು. "ಯಾವ ಔಷಧಿ ಹೊಡೆದರು?" ಎಂಬುದೇ ಅವರ ಮೊದಲ ಪ್ರಶ್ನೆ. ಉತ್ತರ ಯಾರ ಬಳಿಯೂ ಇರಲಿಲ್ಲ. ಲಕ್ಷಣ ನೋಡಿಯೇ ಆರ್ಗನೊಫಾಸ್ಫೇಟ್ ಗುಂಪಿನ ವಿಷವಿರಬೇಕೆಂದು ಅದಕ್ಕೆ ಪ್ರತಿಮದ್ದಾದ ಅಟ್ರೋಪಿನ್ ಕೊಟ್ಟರು. ಅಮ್ಮ ಚೇತರಿಸಿಕೊಂಡರು. ಆದರೆ ಚಿಕಿತ್ಸೆಯನ್ನು ಊಹೆಯ ಮೇಲೆ ಶುರು ಮಾಡಬೇಕಾಗಿ ಬಂತಲ್ಲ, ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಕಾನೂನಿನ ಪ್ರಕಾರ ಕೀಟನಾಶಕದ ಪ್ರತಿ ಬಾಟಲಿಯ ಮೇಲೂ ಬಣ್ಣದ ತ್ರಿಕೋನದ ಗುರುತು ಇರಲೇಬೇಕು. ಕೆಂಪು ಎಂದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಅಪಾಯದ್ದು ಹಸಿರು. ವಿಷ ಏರಿದರೆ ಏನು ಕೊಡಬೇಕೆಂಬುದನ್ನೂ ಬಾಟಲಿಯ ಜೊತೆಗಿನ ಮಾಹಿತಿಯಲ್ಲೇ ಮುದ್ರಿಸಿರುತ್ತಾರೆ. ಕೆಂಪು ತ್ರಿಕೋನದ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗಳ ಮೇಲೆ ಬಳಸುವುದನ್ನು ಸರ್ಕಾರ 2005ರಲ್ಲೇ ನಿಷೇಧಿಸಿತು. ಶೇ. 36ರ ದ್ರವರೂಪದ ಮೇಲೆ 2023ರಲ್ಲಿ ನಿಷೇಧ ಬಂತು. ಇಂಥವು ಗಿಡದ ರಸದೊಳಗೇ ಸೇರಿಕೊಳ್ಳುತ್ತವೆ. ಕರಿಬೇವನ್ನು ಎಷ್ಟು ತೊಳೆದರೂ ಒಳಗಿನದು ಹೋಗುವುದಿಲ್ಲ. ನಮ್ಮ ಕರಿಬೇವನ್ನು ಬುಡದವರೆಗೆ ಕಡಿಸಿದೆವು.

ಇಷ್ಟೆಲ್ಲ ಆದ ಮೇಲೆ ಹುಳವಾದರೂ ಹೋಯಿತೇ? ಕೆಲವೇ ವಾರಗಳಲ್ಲಿ ದಾಸವಾಳದಲ್ಲಿ ಮೊದಲಿಗಿಂತ ಹೆಚ್ಚು ಹಿಟ್ಟು ತಿಗಣೆ. ಅದರ ಮೈಮೇಲೆ ಮೇಣದ ಪುಡಿ ಇರುತ್ತದೆ, ಮೊಟ್ಟೆಗಳು ಬಿಳಿ ನೂಲಿನ ಚೀಲದೊಳಗೆ ಸುರಕ್ಷಿತ. ಸತ್ತದ್ದು ಅದನ್ನು ತಿನ್ನುವ ಜೀವಿಗಳು. ಗಿಡದ ಕೆಳಗೆ ಕಂದುಗಪ್ಪು ಮೈಯ, ಕಿತ್ತಳೆ ತಲೆಯ ಪುಟ್ಟ ಜೀರುಂಡೆಗಳು ಅಂಗಾತ ಬಿದ್ದಿದ್ದವು. ಕೃಷಿ ಪದವಿ ಓದುತ್ತಿರುವ ಪಕ್ಕದ ಮನೆಯ ಹುಡುಗಿ ನೋಡಿದವಳೇ ಗುರುತಿಸಿದಳು: ಕ್ರಿಪ್ಟೊಲೀಮಸ್. ಹಿಟ್ಟು ತಿಗಣೆಯನ್ನೇ ತಿಂದು ಬದುಕುವ, ಆಸ್ಟ್ರೇಲಿಯಾದಿಂದ 1898ರಲ್ಲಿ ನಮ್ಮ ದೇಶಕ್ಕೆ ತಂದ ಜೀರುಂಡೆ. ಅದರ ಮರಿಯ ಮೈಮೇಲೂ ಬಿಳಿ ಮೇಣದ ಎಳೆಗಳು ಇಳಿಬಿದ್ದಿರುವುದರಿಂದ ದೊಡ್ಡ ಹಿಟ್ಟು ತಿಗಣೆಯೆಂದೇ ಕಾಣುತ್ತದೆ. ಗುರುತು ಸುಲಭ: ತಿಗಣೆ ಕೂತಲ್ಲೇ ಕೂತಿರುತ್ತದೆ, ಈ ಮರಿ ಚುರುಕಾಗಿ ಓಡಾಡುತ್ತದೆ. ಆ ಮನುಷ್ಯ ಅಮ್ಮನಿಗೆ "ನೋಡಿ, ಎಷ್ಟು ದೊಡ್ಡ ಹುಳ" ಎಂದು ತೋರಿಸಿದ್ದು ಬಹುಶಃ ಇದನ್ನೇ.

ಪರಂಗಿಯ ಹಿಟ್ಟು ತಿಗಣೆಯ ಕಥೆ ಹಲವು ರೈತರಿಗೆ ನೆನಪಿರಬಹುದು. 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ದಕ್ಷಿಣದಲ್ಲೆಲ್ಲ ಹಬ್ಬಿದ ಆ ಕೀಟ ಔಷಧಿಗಳಿಗೆ ಜಗ್ಗಲಿಲ್ಲ. 2010ರಲ್ಲಿ ಬೆಂಗಳೂರಿನ ಕೃಷಿ ಕೀಟ ಸಂಸ್ಥೆಯ ವಿಜ್ಞಾನಿಗಳು ಪೋರ್ಟೊರಿಕೊದಿಂದ ತರಿಸಿ ಬಿಟ್ಟ, ತಿಗಣೆಯ ಮೈಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಸಣ್ಣ ಪರತಂತ್ರ ಕಣಜಗಳು ಅದನ್ನು ಹದ್ದುಬಸ್ತಿಗೆ ತಂದವು. ಸಿಕ್ಕಸಿಕ್ಕ ವಿಷ ಹೊಡೆದರೆ ಮೊದಲು ಸಾಯುವುದು ಇಂಥ ಕಣಜಗಳೇ.

ಪಾಳುಬಿದ್ದ ಹಿತ್ತಲಿಗೆ ಬೇಕಾದದ್ದು ಕತ್ತರಿ ಮತ್ತು ನೀರು. ಹೆಣೆದುಕೊಂಡ ಕೊಂಬೆಗಳನ್ನು ಕತ್ತರಿಸಿ, ಹುಳ ಹತ್ತಿದ ತುದಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗಿಟ್ಟೆವು. ಉಳಿದುದಕ್ಕೆ ಪೈಪಿನಿಂದ ಜೋರಾಗಿ ನೀರು. ಇರುವೆಗಳನ್ನು ಮರೆಯಬೇಡಿ. ಸಿಹಿ ಅಂಟಿನ ಆಸೆಗೆ ಅವು ತಿಗಣೆಯನ್ನು ಕಾಯುತ್ತವೆ, ಜೀರುಂಡೆಯನ್ನು ಓಡಿಸುತ್ತವೆ. ಗೋಡೆಗೆ ತಾಗುವ ಕೊಂಬೆ ತೆಗೆದು, ಕಾಂಡಕ್ಕೆ ಬಟ್ಟೆ ಸುತ್ತಿ ಅದರ ಮೇಲೆ ಗ್ರೀಸ್ ಹಚ್ಚಿದರೆ ಹತ್ತುವ ದಾರಿ ಕಟ್ಟಾಗುತ್ತದೆ. ಇನ್ನೂ ಉಳಿದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ, ಬೆರೆಯಲು ಸ್ವಲ್ಪ ಸೋಪಿನ ನೀರು. ಬಿಸಿಲು ಇಳಿದ ಮೇಲೆ ಎಲೆಯ ಅಡಿಭಾಗ ನೆನೆಯುವಂತೆ ಹೊಡೆಯಿರಿ, ವಾರ ಬಿಟ್ಟು ಮತ್ತೊಮ್ಮೆ.

ಯಾರನ್ನಾದರೂ ಕರೆಸಲೇಬೇಕಾದರೆ ಪರವಾನಗಿ ತೋರಿಸಲು ಹೇಳಿ. ಹಣಕ್ಕೆ ಕೀಟ ನಿಯಂತ್ರಣ ಮಾಡುವವರಿಗೆ ಅದು ಕಡ್ಡಾಯ. ಮುಚ್ಚಳ ಒಡೆಯದ ಬಾಟಲಿಯನ್ನೇ ನಿಮ್ಮೆದುರು ತೆರೆಯಲಿ, ಚೀಟಿಯ ಫೋಟೋ ಮೊಬೈಲಿನಲ್ಲಿರಲಿ. ಒಪ್ಪದಿದ್ದರೆ ಗೇಟು ಹಾಕಿ. ಈಗಾಗಲೇ ಹೊಡೆಸಿದ್ದು ಮೈಮೇಲೆ ಸಿಡಿದಿದ್ದರೆ ಬಟ್ಟೆ ಬದಲಿಸಿ, ಸೋಪು ಹಾಕಿ ಮೈ ತೊಳೆಯಿರಿ. ಬೆವರು, ಜೊಲ್ಲು, ವಾಂತಿ, ಮಂಜಾದ ದೃಷ್ಟಿ ಇವುಗಳಲ್ಲಿ ಯಾವುದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಖಾಲಿ ಬಾಟಲಿಯನ್ನೂ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೋಗಿ.