ಮೇಲಿಂಗ್ ಲಿಸ್ಟ್ ನಡೆಸುವವರೇ, ಬೌನ್ಸ್ ನೋಟಿಸ್‌ಗಳನ್ನು ಫೋಲ್ಡರಿಗೆ ತಳ್ಳಬೇಡಿ

ಹಕ್ಕಿ ನೋಡುವವರ ಒಂದು ಮೇಲಿಂಗ್ ಲಿಸ್ಟನ್ನು ನಾನು ಹನ್ನೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಲಿಸ್ಟಿನ ವಿಳಾಸಕ್ಕೆ ಒಬ್ಬರು ಬರೆದರೆ ಸದಸ್ಯರೆಲ್ಲರಿಗೂ ಆ ಮೇಲ್ ಹೋಗುತ್ತದೆ. ಸದಸ್ಯರು ಸುಮಾರು 600. ಸಂಬಳ ಇಲ್ಲ, ಥ್ಯಾಂಕ್ಸ್ ಅಪರೂಪ, ಬೈಗುಳ ಮಾತ್ರ ಟೈಮಿಗೆ ಸರಿಯಾಗಿ ಬರುತ್ತದೆ. ಹೋದ ವರ್ಷ ಒಂದೇ ತಿಂಗಳಲ್ಲಿ ಅದರ ಅರ್ಧಕ್ಕೂ ಜಾಸ್ತಿ ಜನ ಹೊರಗೆ ಬಿದ್ದರು. ಯಾರೂ ತಾವಾಗಿ ಬಿಟ್ಟು ಹೋಗಲಿಲ್ಲ. ಸಾಫ್ಟ್‌ವೇರೇ ಒಬ್ಬೊಬ್ಬರನ್ನಾಗಿ ತೆಗೆದುಹಾಕಿತು. ತೆಗೆದಾಗಲೆಲ್ಲ ನನಗೆ ಒಂದು ಬೌನ್ಸ್ ನೋಟಿಸ್ ಕೂಡ ಕಳಿಸಿತ್ತು, ಅಂದರೆ ಈ ಸದಸ್ಯರಿಗೆ ಪತ್ರ ತಲುಪದೆ ತಿರುಗಿ ಬರುತ್ತಿದೆ ಅಂತ ಹೇಳುವ ಮೇಲ್. ನಾನು ಓದಲಿಲ್ಲ.

ಲಿಸ್ಟ್ ನಡೆಸುವ ನಮ್ಮ ಸಾಫ್ಟ್‌ವೇರ್ ಜಿಎನ್‌ಯು ಮೇಲ್‌ಮ್ಯಾನ್ 2.1. ಹಳೇದು, ಗೊತ್ತು. ಅದನ್ನು ಬರೆದಿರುವ ಪೈಥಾನ್ 2 ಎಂಬ ಪ್ರೋಗ್ರಾಮಿಂಗ್ ಭಾಷೆಗೆ 2020ರ ಜನವರಿ 1ಕ್ಕೇ ಬೆಂಬಲ ನಿಂತಿತು. ಆದರೂ ನನ್ನ ಥರ ಅದನ್ನೇ ತಳ್ಳಿಕೊಂಡು ಹೋಗುತ್ತಿರುವವರು ಇದ್ದೀರಿ ಅಲ್ವಾ? ಈ ಬರಹ ನಿಮಗೆ.

ಎಲ್ಲ ಶುರುವಾಗಿದ್ದು ಒಳ್ಳೆ ಸುದ್ದಿಯಿಂದ. ಹೊಸ ಸದಸ್ಯೆಯೊಬ್ಬರು ಸೇರಿದರು. ಅವರ ಕಿಟಕಿ ಪಕ್ಕದ ಬಳ್ಳಿಯಲ್ಲಿ ಸೂರಕ್ಕಿ ಗೂಡು ಕಟ್ಟುತ್ತಿತ್ತು. ದಿನಾ ಸಂಜೆ ಒಂದು ಪತ್ರ. ಹೆಣ್ಣು ಇವತ್ತು ಜೇಡರ ಬಲೆ ತಂದು ಸುತ್ತಿತು, ಗಂಡು ಸುಮ್ನೆ ಹಾಡಿಕೊಂಡು ಕೂತಿತ್ತು, ಹೀಗೆ. ವರ್ಷಗಳಿಂದ ಲಿಸ್ಟಿನಲ್ಲಿ ಅಂಥ ಬರಹ ಬಂದಿರಲಿಲ್ಲ. ಆದರೆ ಯಾರೂ ಉತ್ತರ ಬರೆಯಲಿಲ್ಲ. ಎರಡು ವಾರ ಆದ ಮೇಲೆ ಅವರು ನನಗೊಬ್ಬನಿಗೇ ಒಂದು ಸಾಲು ಬರೆದರು: "ನಾನು ಜಾಸ್ತಿ ಬರೀತಿದ್ದೀನಾ?" ಇಲ್ಲ ಇಲ್ಲ, ಬರೀರಿ, ಜನ ಓದ್ತಾರೆ, ಉತ್ತರ ಬರೆಯೋಕೆ ಸೋಮಾರಿತನ ಅಷ್ಟೇ ಅಂದೆ.

ಜನ ಓದುತ್ತಿರಲಿಲ್ಲ. ಪತ್ರ ಅವರಿಗೆ ತಲುಪುತ್ತಲೇ ಇರಲಿಲ್ಲ.

ಆ ಹೊತ್ತಿಗೆ ಒಬ್ಬಿಬ್ಬರು ದೂರಿದ್ದರು. "ಲಿಸ್ಟಿನ ಮೇಲ್ ಬರ್ತಿಲ್ಲ." ಇಂಥ ದೂರಿಗೆ ನನ್ನ ಹತ್ತಿರ ರೆಡಿ ಉತ್ತರ ಇತ್ತು. ಲಿಸ್ಟಿಗೆ ನೀವೇ ಕಳಿಸಿದ ಪತ್ರ ತಿರುಗಿ ಬಂದಾಗ ಜಿಮೇಲ್ ಅದನ್ನು ಇನ್‌ಬಾಕ್ಸಿನಲ್ಲಿ ತೋರಿಸುವುದಿಲ್ಲ. ಇದು ನಿಜ, ಎಷ್ಟೋ ಜನ ಇದರಿಂದಲೇ ಗಾಬರಿಯಾಗುತ್ತಾರೆ. ಅದನ್ನೇ ಕಾಪಿ ಮಾಡಿ ಕಳಿಸಿದೆ. ಒಂದು ಟೆಸ್ಟ್ ಮೇಲನ್ನೂ ಹಾಕಿದೆ, ಟಣ್ ಅಂತ ಬಂತು. ಬರದೇ ಏನು? ಕಳಿಸಿದ್ದೂ ನಾನು, ತೆಗೆದುಕೊಂಡಿದ್ದೂ ಅದೇ ಸರ್ವರಿನಲ್ಲಿರುವ ನನ್ನ ವಿಳಾಸ. ನನ್ನ ಮನೆ ಬಾಗಿಲನ್ನು ನಾನೇ ತಟ್ಟಿ ನಾನೇ ತೆಗೆದು, ಊರಲ್ಲೆಲ್ಲ ಬಾಗಿಲು ತೆಗೆದಿದೆ ಅಂದುಕೊಂಡೆ.

ಗೊತ್ತಾಗಿದ್ದು ಹೀಗೆ. ಒಂದು ಬೆಳಿಗ್ಗೆ, ನನ್ನ ಒಪ್ಪಿಗೆಗೆ ಕಾಯುವ ಮಾಡರೇಷನ್ ಸಾಲಿನಲ್ಲಿ ಒಂದು ಪತ್ರ ತಡೆದು ನಿಂತಿತ್ತು. ಕಾರಣ: ಕಳಿಸಿದವರು ಸದಸ್ಯರಲ್ಲ. ನೋಡಿದರೆ ನಮ್ಮ ಸೂರಕ್ಕಿಯವರು! ಸದಸ್ಯರ ಪಟ್ಟಿ ತೆಗೆದೆ. ಅವರ ಹೆಸರಿಲ್ಲ. ಮೊದಲು ದೂರಿದವರ ಹೆಸರೂ ಇಲ್ಲ. ಒಟ್ಟು ಎಷ್ಟು ಅಂತ ಎಣಿಸಿದೆ, 600ರ ಹತ್ತಿರ ಇದ್ದಿದ್ದು 230ಕ್ಕೆ ಇಳಿದಿತ್ತು. ಕೈಕಾಲು ತಣ್ಣಗಾಯಿತು.

ತಿರುಗಿ ಬಂದ ಪತ್ರಗಳ ದಾಖಲೆಯಾದ ಬೌನ್ಸ್ ಲಾಗ್ ತೆರೆದೆ. ಸಾಲುಸಾಲಾಗಿ ವಿಳಾಸ, ಪಕ್ಕದಲ್ಲಿ ಸ್ಕೋರ್. 1.0, ಮರುದಿನ 2.0, ಅದರ ಮರುದಿನ 3.0. ಐದಕ್ಕೆ ಬಂದ ತಕ್ಷಣ ಡಿಸೇಬಲ್, ಅಂದರೆ ಅವರಿಗೆ ಲಿಸ್ಟಿನ ಪತ್ರ ಬಂದ್. ಮೇಲ್ ಸರ್ವರಿನ ಲಾಗಿನಲ್ಲಿ ಕಾರಣ ಸ್ಪಷ್ಟವಾಗಿ ಬರೆದಿತ್ತು: 550 5.7.26, ಕಳಿಸಿದವರ ಡೊಮೇನಿನ ಡಿಮಾರ್ಕ್ ನೀತಿಯ ಪ್ರಕಾರ ಈ ಪತ್ರ ತೆಗೆದುಕೊಳ್ಳುವುದಿಲ್ಲ.

ಡಿಮಾರ್ಕ್ ಅಂದರೆ ಇಷ್ಟು. ಫ್ರಮ್ ಸಾಲಿನಲ್ಲಿ ಯಾರ ಡೊಮೇನ್ (ವಿಳಾಸದಲ್ಲಿ @ ಆದ ಮೇಲಿನ ಭಾಗ) ಇದೆಯೋ ಅವರು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರುಗಳ ಪಟ್ಟಿಯಲ್ಲಿ, ಒಂದು ಮಾತು ಬರೆದಿಡಬಹುದು: "ನನ್ನ ಹೆಸರಲ್ಲಿ ಬಂದ ಪತ್ರ ನಿಜವಾಗಿ ನನ್ನದು ಅಂತ ಸಾಬೀತಾಗದಿದ್ದರೆ ತಿರಸ್ಕರಿಸಿ." ಸಾಬೀತು ಮಾಡುವ ದಾರಿ ಎರಡು. ಒಂದು ಎಸ್‌ಪಿಎಫ್, ಯಾವ ಸರ್ವರಿನಿಂದ ಬಂತು ಅನ್ನೋದು. ಲಿಸ್ಟಿನ ಮೂಲಕ ಹೋದ ಪತ್ರ ಲಿಸ್ಟಿನ ಸರ್ವರಿನಿಂದ, ಲಿಸ್ಟಿನ ಬೌನ್ಸ್ ವಿಳಾಸ ಹೊತ್ತು ಹೋಗುತ್ತದೆ. ಹಾಗಾಗಿ ಅದು ಫ್ರಮ್ ಸಾಲಿಗೆ ಹೊಂದುವುದಿಲ್ಲ. ಇನ್ನೊಂದು ಡಿಕೆಐಎಂ, ಪತ್ರದ ಮೇಲಿನ ಸಹಿ. ನಾವು ವಿಷಯದ ಮುಂದೆ ಲಿಸ್ಟಿನ ಹೆಸರು ಅಂಟಿಸುತ್ತೇವೆ, ಕೆಳಗೆ ನಾಲ್ಕು ಸಾಲು ಫೂಟರ್ ಸೇರಿಸುತ್ತೇವೆ. ಪತ್ರ ಬದಲಾಯಿತು, ಸಹಿ ಮುರಿಯಿತು. ಎರಡೂ ದಾರಿ ಬಂದ್. ಪತ್ರ ಪಡೆಯುವ ದೊಡ್ಡ ಸರ್ವರ್‌ಗಳು ತಮಗೆ ಹೇಳಿದಂತೆ ತಿರಸ್ಕರಿಸಿದವು. ಅವು ಮಾಡಿದ್ದರಲ್ಲಿ ತಪ್ಪೇನಿಲ್ಲ.

ಈಗ ಮೇಲ್‌ಮ್ಯಾನ್ ಏನು ಮಾಡುತ್ತದೆ ನೋಡಿ. ಪತ್ರ ತಿರುಗಿ ಬಂತು ಅಂದರೆ ಪಡೆಯುವವರ ವಿಳಾಸ ಕೆಟ್ಟಿದೆ ಅಂತ ಅದರ ಲೆಕ್ಕ. ಯಾರು ಕಳಿಸಿದ್ದು ಅಂತ ನೋಡುವುದೇ ಇಲ್ಲ. ದಿನಕ್ಕೆ ಒಂದೇ ಅಂಕ, ಆದರೆ ನಮ್ಮ ಸೂರಕ್ಕಿಯವರು ದಿನಾ ಬರೆಯುತ್ತಿದ್ದರಲ್ಲ! ಅವರ ಮೇಲ್ ಕಂಪನಿ ತಿರಸ್ಕರಿಸಿ ಅಂತ ಬರೆದಿಟ್ಟಿತ್ತು. ಐದು ಸಂಜೆ, ಐದು ಅಂಕ. ಡಿಮಾರ್ಕ್ ಪಾಲಿಸುವ ಕಂಪನಿಗಳಲ್ಲಿ ವಿಳಾಸ ಇರುವ ಸದಸ್ಯರೆಲ್ಲ ಒಟ್ಟಿಗೆ ಡಿಸೇಬಲ್. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಆಮೇಲೆ ವಾರಕ್ಕೊಂದರಂತೆ ಮೂರು ಎಚ್ಚರಿಕೆ ಪತ್ರ, ನಂತರ ಹೆಸರೇ ಅಳಿಸಿಹೋಗುತ್ತದೆ. ಆ ಎಚ್ಚರಿಕೆ ಸದಸ್ಯರಿಗೆ ತಲುಪಿತ್ತು. "ನಿಮ್ಮ ಸದಸ್ಯತ್ವ ನಿಲ್ಲಿಸಲಾಗಿದೆ, ಈ ಲಿಂಕ್ ಒತ್ತಿ" ಅಂತ ಬಂದರೆ ಬುದ್ಧಿ ಇರುವ ಯಾರು ಒತ್ತುತ್ತಾರೆ ಹೇಳಿ? ನಾನೂ ಒತ್ತುತ್ತಿರಲಿಲ್ಲ.

ನನಗೂ ಒಬ್ಬೊಬ್ಬರಿಗೆ ಒಂದರಂತೆ ನೋಟಿಸ್ ಬಂದಿತ್ತು. ಮೂರು ವರ್ಷದ ಹಿಂದೆ ಕಿರಿಕಿರಿ ಅಂತ, ಬೌನ್ಸ್ ನೋಟಿಸ್ ಎಂಬ ವಿಷಯ ಇದ್ದದ್ದೆಲ್ಲ ನೇರ ಒಂದು ಫೋಲ್ಡರಿಗೆ ಹೋಗುವಂತೆ ಫಿಲ್ಟರ್ ಹಾಕಿದ್ದೆ. ಆ ಫೋಲ್ಡರ್ ತೆರೆದಾಗ ಓದದ ಪತ್ರಗಳ ಸಂಖ್ಯೆ ಸಾವಿರ ದಾಟಿತ್ತು.

ಇಲ್ಲಿಗೆ ನಿಂತಿದ್ದರೆ ಅರ್ಧ ದಿನದ ಕೆಲಸ. ಗಾಬರಿಯಲ್ಲಿ ನಾನು ಇನ್ನೂ ಎರಡು ಎಡವಟ್ಟು ಮಾಡಿದೆ. ಈ ಬರಹ ಬರೆಯಲು ಅವೇ ಮುಖ್ಯ ಕಾರಣ.

ಮೊದಲನೇದು. ಹೋದವರನ್ನು ವಾಪಸ್ ಸೇರಿಸಬೇಕಲ್ಲ, ಬ್ಯಾಕಪ್‌ನಲ್ಲಿ ಸದಸ್ಯರ ಹಳೇ ಪಟ್ಟಿ ಸಿಕ್ಕಿತು. ಅದನ್ನೇ ಒಂದೇ ಏಟಿಗೆ ಸೇರಿಸುವ ಕಮಾಂಡಿಗೆ ಕೊಟ್ಟೆ. ಪಟ್ಟಿ ಎರಡು ವರ್ಷ ಹಳೇದು. ಅಷ್ಟರಲ್ಲಿ ತಾವಾಗಿ ಬಿಟ್ಟು ಹೋಗಿದ್ದವರೂ ಅದರಲ್ಲಿದ್ದರು. ಅವರೆಲ್ಲರಿಗೂ ಸ್ವಾಗತ ಪತ್ರ ಹೋಯಿತು, ಜೊತೆಗೆ ಪಾಸ್‌ವರ್ಡ್, ಯಾರು ಬೇಕಾದರೂ ಓದುವಂತೆ ಹಾಗೇ. ಮೇಲ್‌ಮ್ಯಾನ್ 2.1ರ ಅಭ್ಯಾಸವೇ ಅದು. ಕೇಳದೇ ಬಂದ ಸ್ವಾಗತ ಪತ್ರಕ್ಕೆ ಜನ ಏನು ಮಾಡುತ್ತಾರೆ? ಸ್ಪ್ಯಾಮ್ ಬಟನ್. ಸ್ಪ್ಯಾಮ್ ದೂರಿನ ಪ್ರಮಾಣ ಶೇ 0.3 ಮುಟ್ಟಬಾರದು ಅಂತ 2024ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಜಿಮೇಲ್ ನಿಯಮ ಹೇಳುತ್ತದೆ. 1000 ಪತ್ರಕ್ಕೆ ಮೂರು. ನಾನು ಕಳಿಸಿದ್ದು 400ರ ಹತ್ತಿರ, ಅಂದರೆ ಇಬ್ಬರು ಒತ್ತಿದರೂ ಗೆರೆ ದಾಟಿದ ಹಾಗೆ. ಸಂಜೆ ಹೊತ್ತಿಗೆ ಹೊರಡಲು ಕಾಯುವ ಪತ್ರಗಳ ಕ್ಯೂ ನೋಡಿದರೆ ಪತ್ರಗಳೆಲ್ಲ 421 ಅಂತ ಸಿಕ್ಕಿಕೊಂಡಿದ್ದವು. ಈಗ ಬೇಡ, ಆಮೇಲೆ ಬಾ ಅಂತ ಅರ್ಥ. ಆ ಆಮೇಲೆ ಒಂಬತ್ತು ದಿನ ಎಳೆಯಿತು.

ಸರಿಯಾದ ದಾರಿ ಪಕ್ಕದಲ್ಲೇ ಇತ್ತು. ಯಾರನ್ನು ಯಾವತ್ತು ತೆಗೆಯಿತು ಅಂತ ಮೇಲ್‌ಮ್ಯಾನ್ ಸಬ್‌ಸ್ಕ್ರೈಬ್ ಲಾಗಿನಲ್ಲಿ ಬರೆದಿಡುತ್ತದೆ, ತಾವಾಗಿ ಹೋದವರು ಬೇರೆ, ಬೌನ್ಸ್‌ನಿಂದ ಹೋದವರು ಬೇರೆ. ಅಲ್ಲಿಂದ ಬೌನ್ಸ್‌ನವರನ್ನು ಮಾತ್ರ ಆರಿಸಿ, ಸ್ವಾಗತ ಪತ್ರ ಬೇಡ ಅಂತ ಹೇಳಿ ಸೇರಿಸಬೇಕು. ಇನ್ನೂ ಹೆಸರು ಅಳಿಯದೆ ಬರೀ ಡಿಸೇಬಲ್ ಆಗಿರುವವರನ್ನು ಲಿಸ್ಟ್ ಮೆಂಬರ್ಸ್ ಕಮಾಂಡಿಗೆ ನೋಮೇಲ್, ಬೈಬೌನ್ಸ್ ಅಂತ ಕೊಟ್ಟರೆ ಅದೇ ತೋರಿಸುತ್ತದೆ.

ಎರಡನೇದು ನೆನೆದರೆ ಈಗಲೂ ಮುಖ ಮುಚ್ಚಿಕೊಳ್ಳುವ ಹಾಗಾಗುತ್ತದೆ. ಹುಡುಕಾಡುವಾಗ ಶಂಟ್ ಎಂಬ ಕ್ಯೂ ಡೈರೆಕ್ಟರಿಯಲ್ಲಿ ಎಪ್ಪತ್ತು ಚಿಲ್ಲರೆ ಫೈಲು ಕಂಡವು. ಸಂಸ್ಕರಿಸುವಾಗ ಎರರ್ ಬಂದ ಪತ್ರಗಳನ್ನು ಮೇಲ್‌ಮ್ಯಾನ್ ಅಲ್ಲಿ ಪಕ್ಕಕ್ಕೆ ಇಡುತ್ತದೆ. ಓ, ಕಳೆದ ಪತ್ರಗಳು ಇಲ್ಲೇ ಇವೆ ಅಂದುಕೊಂಡು, ಅವನ್ನು ಮತ್ತೆ ಕಳಿಸಲು ಹಾಕುವ ಅನ್‌ಶಂಟ್ ಕಮಾಂಡ್ ಒತ್ತಿದೆ. ಒಳಗೆ ಏನಿದೆ ಅಂತ ನೋಡಲು ಬೇರೆ ಕಮಾಂಡೇ ಇದೆ, ನೋಡಲಿಲ್ಲ. ಹಳೆಯ ಶಂಟ್ ಫೈಲುಗಳನ್ನು ಗುಡಿಸಿಹಾಕುವ ಕ್ರಾನ್ ಕೆಲಸವೂ (ಹೇಳಿದ ಹೊತ್ತಿಗೆ ತಾನಾಗಿ ಓಡುವಂಥದ್ದು) ಇದೆ. ಆದರೆ ಸರ್ವರ್ ಬದಲಿಸಿದಾಗ ಅಂಥ ಕೆಲಸಗಳ ಪಟ್ಟಿಯಾದ ಕ್ರಾನ್‌ಟ್ಯಾಬನ್ನು ನಾನು ಹಳೇದನ್ನೇ ಹೊತ್ತು ತಂದಿದ್ದೆ, ಅದರಲ್ಲಿ ಆ ಸಾಲು ಇರಲಿಲ್ಲ. ಹಾಗಾಗಿ ವರ್ಷಗಟ್ಟಲೆ ಹಳೆಯ ಪತ್ರಗಳು ಒಟ್ಟಿಗೆ ಹೊರಟವು. ಅದರಲ್ಲಿ ಒಂದು: "ನಾಳೆ ಬೆಳಿಗ್ಗೆ ಆರಕ್ಕೆ ಎಲ್ಲರೂ ಕೆರೆ ಏರಿ ಮೇಲೆ ಸೇರೋಣ." ಇಬ್ಬರು ಹೋಗಿದ್ದರು. ಏಳೂವರೆವರೆಗೆ ಕಾದು ನನಗೆ ಫೋನ್ ಮಾಡಿದರು.

ಮೂಲ ರೋಗಕ್ಕೆ ಮದ್ದು ಹತ್ತು ವರ್ಷದಿಂದ ಇದೆ ಅನ್ನೋದು ಇನ್ನೊಂದು ಸಂಕಟ. 2014ರ ಏಪ್ರಿಲ್‌ನಲ್ಲಿ ಯಾಹೂ, ಅದರ ಬೆನ್ನಿಗೇ ಎಒಎಲ್ ಈ ತಿರಸ್ಕರಿಸಿ ನೀತಿ ಹಾಕಿದಾಗ ಎಲ್ಲೆಡೆಯ ಲಿಸ್ಟ್‌ಗಳು ಹೀಗೇ ಮುಗ್ಗರಿಸಿದ್ದವು. ಅದೇ ವರ್ಷ ಮೇಲ್‌ಮ್ಯಾನ್ 2.1.18ರಲ್ಲಿ ಡಿಮಾರ್ಕ್ ಮಾಡರೇಷನ್ ಆ್ಯಕ್ಷನ್ ಎಂಬ ಸೆಟ್ಟಿಂಗ್ ಬಂತು. ಪ್ರೈವಸಿ ಆಯ್ಕೆಗಳ ಸೆಂಡರ್ ಫಿಲ್ಟರ್ ಪುಟದಲ್ಲಿದೆ. ಅಲ್ಲಿ ಮಂಜ್ ಫ್ರಮ್ ಆರಿಸಿದರೆ, ಇಂಥ ನೀತಿ ಇರುವ ಡೊಮೇನಿನವರ ಪತ್ರದಲ್ಲಿ ಮಾತ್ರ ಫ್ರಮ್ ಸಾಲಿಗೆ ಲಿಸ್ಟಿನ ವಿಳಾಸ ಬರುತ್ತದೆ, ಬರೆದವರ ವಿಳಾಸ ರಿಪ್ಲೈ ಟು ಸಾಲಿಗೆ ಹೋಗುತ್ತದೆ. ಆಗ ಆ ಸುದ್ದಿ ಓದಿದ್ದೆ, ನಮ್ಮಲ್ಲಿ ಅಂಥ ವಿಳಾಸದವರು ಬರೆಯುವುದೇ ಇಲ್ಲ ಅಂತ ಬಿಟ್ಟಿದ್ದೆ.

ಇದರಲ್ಲೂ ಒಂದು ಗುಂಡಿ ಇದೆ, ಬಿದ್ದು ಬಂದವನು ಹೇಳುತ್ತೇನೆ. ಈ ಸೆಟ್ಟಿಂಗ್ ಕೆಲಸ ಮಾಡಲು ಡಿಎನ್‌ಎಸ್‌ಪೈಥಾನ್ ಎಂಬ ಲೈಬ್ರರಿ ಬೇಕು. ಅದು ಇಲ್ಲದಿದ್ದರೆ ಮೇಲ್‌ಮ್ಯಾನ್ ಎರರ್ ಲಾಗಿನಲ್ಲಿ ಒಂದು ಸಾಲು ಗೀಚಿ ಸುಮ್ಮನಾಗುತ್ತದೆ. ವೆಬ್ ಪುಟದಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ, ಪತ್ರಗಳು ಮೊದಲಿನಂತೆಯೇ ಬೌನ್ಸ್ ಆಗುತ್ತಿರುತ್ತವೆ. ನನ್ನ ಎರಡು ದಿನ ಅಲ್ಲೇ ಹೋಯಿತು. ಹಾಗೆಯೇ ವರ್ಪ್ ಪ್ರೋಬ್ಸ್ ಅನ್ನೋದನ್ನು ಆನ್ ಮಾಡಿ. ಮೊದಲೇ ಅದು ಆಫ್ ಇರುತ್ತದೆ. ಆನ್ ಇದ್ದರೆ ಯಾರನ್ನಾದರೂ ಡಿಸೇಬಲ್ ಮಾಡುವ ಮುಂಚೆ ಮೇಲ್‌ಮ್ಯಾನ್ ತನ್ನದೇ ವಿಳಾಸದಿಂದ ಒಂದು ಪರೀಕ್ಷೆ ಪತ್ರ ಕಳಿಸುತ್ತದೆ, ಅದೂ ತಿರುಗಿ ಬಂದರೆ ಮಾತ್ರ ಮುಂದಿನ ಹೆಜ್ಜೆ. ಇದೊಂದು ಆನ್ ಇದ್ದಿದ್ದರೆ ಒಬ್ಬರೂ ಹೋಗುತ್ತಿರಲಿಲ್ಲ. ಟೆಸ್ಟ್ ಮಾಡುವಾಗ ನಿಮ್ಮ ಸ್ವಂತ ಡೊಮೇನಿನಿಂದ ಕಳಿಸಬೇಡಿ. ತಿರಸ್ಕರಿಸಿ ನೀತಿ ಇರುವ ಕಂಪನಿಯಲ್ಲಿ ಒಂದು ವಿಳಾಸ ಮಾಡಿಕೊಂಡು ಅಲ್ಲಿಂದ ಕಳಿಸಿ, ಬೇರೆ ದೊಡ್ಡ ಕಂಪನಿಯ ವಿಳಾಸದಲ್ಲಿ ತೆಗೆದು ಹೆಡರ್ (ಫ್ರಮ್, ರಿಪ್ಲೈ ಟು ಇರುವ ಮೇಲಿನ ಸಾಲುಗಳು) ನೋಡಿ.

ಮೇಲ್‌ಮ್ಯಾನ್ 3ಕ್ಕೆ ಹೋಗಿ ಅಂತ ನೀವು ಹೇಳುತ್ತೀರಿ, ಗೊತ್ತು. ಹೋಗುತ್ತೇನೆ. ಕೋರ್, ಪೋಸ್ಟೋರಿಯಸ್, ಹೈಪರ್‌ಕಿಟ್ಟಿ ಅಂತ ಮೂರು ತುಂಡು ಕೂಡಿಸಿ ನಿಲ್ಲಿಸಲು ಒಂದು ವಾರ ರಜೆ ಬೇಕು, ಅಷ್ಟೇ.

ಸುಮಾರು ನಲವತ್ತು ಜನ ವಾಪಸ್ ಬರಲಿಲ್ಲ. ಸೂರಕ್ಕಿಯವರಿಗೆ ಫೋನ್ ಮಾಡಿ ನಡೆದದ್ದೆಲ್ಲ ಹೇಳಿದೆ. ಅವರು ನಕ್ಕರು. ಮತ್ತೆ ಬರೀರಿ, ಈಗ ಎಲ್ಲರಿಗೂ ತಲುಪುತ್ತೆ ಅಂದೆ. "ಏನು ಬರೀಲಿ, ಮರಿಗಳು ಹೋದ ವಾರವೇ ಹಾರಿಹೋದವಲ್ಲ" ಅಂದರು. ಅವರ ಹಳೇ ಪತ್ರಗಳೆಲ್ಲ ಆರ್ಕೈವ್‌ನಲ್ಲಿ ಹಾಗೇ ಇದ್ದವು. ಆ ಸಂಜೆ ಅದರ ಲಿಂಕನ್ನು ನಾನೇ ಲಿಸ್ಟಿಗೆ ಕಳಿಸಿದೆ. ರಾತ್ರಿ ಮಲಗುವ ಮುಂಚೆ ಹನ್ನೊಂದು ಉತ್ತರ ಬಂದಿದ್ದವು.